ಉಮ್ಮನ ಬಿಳಿ ಬೆಕ್ಕೂ ನನ್ನ ಉಪನ್ಯಾಸಗಳೂ

ನಿವೃತ್ತಿಯಾದವನಿಗೆ ಇನ್ನೇನು ಆಗುವುದಕ್ಕುಂಟು ಎಂದು ಊರವರ ಅಂದಾಜು. ಆಗುವುದೆಲ್ಲ ಆಮೇಲೆಯೇ ಆಗುತ್ತದೆ ಮಾರಾಯ್ರೆ. ಪುತ್ತೂರಿನ ಕಾಲೇಜೊಂದರಲ್ಲಿ ಮೂರು ದಶಕ ಕನ್ನಡ ಪಾಠ ಮಾಡಿದ ಕಾಲದಲ್ಲಿ ನನಗೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. (ಆದರೂ ಹೇಳುತ್ತಿದ್ದೆ, ಅದು ಬೇರೆ.) ಆದದ್ದು ಕಳೆದ ವರ್ಷ, ಒಂದು ಬಿಳಿ ಬೆಕ್ಕು ಆರು ತಿಂಗಳು ನಮ್ಮ ಮನೆಯಲ್ಲಿದ್ದಾಗ. ನಾನು ಗಂಭೀರವಾಗಿಯೇ ಬರೆಯುತ್ತಿದ್ದೇನೆ. ನಗುವುದು ಬಿಡುವುದು ನಿಮಗೆ ಸೇರಿದ್ದು.

ಒಪ್ಪಿಸಿಕೊಂಡದ್ದು

ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಹಿರಿಯಾಕೆಯನ್ನು ನಾವೆಲ್ಲ ಉಮ್ಮ, ಅಂದರೆ ಅಮ್ಮ, ಎಂದೇ ಕರೆಯುವುದು. ಅವರು ಮಗಳ ಬಾಣಂತನಕ್ಕೆ ದುಬೈಗೆ ಹೊರಟರು. ಮನೆಗೆ ಬೀಗ. ಉಳಿದದ್ದು ಮುತ್ತು ಎಂಬ ಅವರ ಬೆಕ್ಕು. ಥಾಯ್ಲೆಂಡಿನ ಕಡೆಯ ತಳಿಯಂತೆ. ಒಂದೇ ಒಂದು ಮಚ್ಚೆಯಿಲ್ಲದ ಬಿಳಿ, ಗಿಡ್ಡ ಕೂದಲು, ಎರಡೂ ಕಣ್ಣು ನೀಲಿ. ಅದನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಉಮ್ಮ ನಮ್ಮ ಮೆಟ್ಟಿಲು ಹತ್ತಿ ಬಂದರು.

"ಮಾಷ್ಟ್ರೇ, ವಾರಕ್ಕೊಂದು ಸಲ ಬಾಚಿದ್ರೆ ಸಾಕು. ಹಾಲು ಬೇಡ, ಹೊಟ್ಟೆ ಕೆಡ್ತದೆ. ಬಿಸಿಲಿಗೆ ಬಿಡ್ಬೇಡಿ, ಕಿವಿಯ ತುದಿ ಸುಟ್ಟು ಹೋಗ್ತದೆ. ಒಂಟಿ ಆದ್ರೆ ಊಟ ಬಿಡ್ತದೆ, ಯಾರಾದ್ರೂ ಹತ್ತಿರ ಇರ್ಬೇಕು. ಗೇಟಿನ ಹೊರಗೆ ಮಾತ್ರ ಬಿಡ್ಲೇಬೇಡಿ. ನನಗೆ ಇದು ಮಗಳ ಹಾಗೆ. ಮತ್ತೆ ಒಂದು ಮುಖ್ಯ ವಿಷಯ ಉಂಟು, ಇದಕ್ಕೆ..."

"ಬೆಕ್ಕಿನ ವಿಷಯ ನನಗೆ ಹೇಳ್ಬೇಕಾ ಉಮ್ಮ?" ಎಂದು ನಾನು ಶುರುಮಾಡಿದೆ. ಅಜ್ಜಿಮನೆಯ ಏಳು ಬೆಕ್ಕುಗಳಿಂದ ಹೊರಟವನು ಈಜಿಪ್ಟಿನವರೆಗೆ ಹೋದೆ. ಉಮ್ಮ ನಡುನಡುವೆ ಬಾಯಿ ತೆರೆದರು. ನಾನು ಈಜಿಪ್ಟ್ ಮುಗಿಸುವಾಗ ಕೆಳಗೆ ವಿಮಾನ ನಿಲ್ದಾಣಕ್ಕೆ ಹೋಗುವ ಕಾರು ಮೂರನೆಯ ಹಾರನ್ ಹಾಕುತ್ತಿತ್ತು. ಉಮ್ಮ ನನ್ನನ್ನೊಮ್ಮೆ, ಬೆಕ್ಕನ್ನೊಮ್ಮೆ ನೋಡಿ, ಏನೋ ಸಮಾಧಾನವಾದವರ ಹಾಗೆ ತಲೆಯಾಡಿಸಿ ಇಳಿದು ಹೋದರು.

"ಅವರು ಎಂತದೋ ಮುಖ್ಯ ವಿಷಯ ಹೇಳ್ಲಿಕ್ಕೆ ಹೊರಟಿದ್ರಲ್ಲ?" ಎಂದಳು ನನ್ನ ಹೆಂಡತಿ.

"ಇದ್ದೀತು ಏನೋ ಸಣ್ಣದು," ಎಂದೆ.

ಕೇಳುಗ ಸಿಕ್ಕಿದ್ದು

ಈ ತಳಿಯ ಬೆಕ್ಕಿಗೆ ಮನುಷ್ಯರೆಂದರೆ ಪ್ರಾಣ. ನಾನು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕಾವಲು. ಪೇಪರು ಬಿಡಿಸಿದರೆ ಸಂಪಾದಕೀಯದ ಮೇಲೆಯೇ ಆಸನ. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಮಾತಾಡುವಾಗ ಎದುರು ಕುಳಿತು, ಬಾಲವನ್ನು ಕಾಲಿಗೆ ಸುತ್ತಿಕೊಂಡು, ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತಿತ್ತು.

ಇಂಥ ಕೇಳುಗರನ್ನು ನಾನು ಸೇವಾವಧಿಯಲ್ಲಿ ಕಂಡದ್ದಿಲ್ಲ. ಬೆಳಿಗ್ಗೆ ಸಂಧಿ, ಮಧ್ಯಾಹ್ನ ಸಮಾಸ, ಸಂಜೆ ಛಂದಸ್ಸು. ಎರಡು ತಿಂಗಳಲ್ಲಿ ಹಳಗನ್ನಡ ವ್ಯಾಕರಣ ಮುಕ್ಕಾಲು ಮುಗಿಯಿತು.

"ಪಾಪ, ಆ ಬೆಕ್ಕಿಗೆ ಪರೀಕ್ಷೆ ಇಡ್ಬೇಡಿ," ಎಂದಳು ಹೆಂಡತಿ.

ಭಾಷೆಯ ಪ್ರಶ್ನೆ

ಒಂದೇ ತೊಂದರೆ. ಎದುರಿಗಿದ್ದರೆ ಓಡಿ ಬರುವ ಬೆಕ್ಕು, ಬೆನ್ನು ಹಾಕಿ ಕುಳಿತಾಗ ಕರೆದರೆ ತಿರುಗಿಯೂ ನೋಡದು. ನಮ್ಮ ಕಡೆ ಒಬ್ಬರು ಓಗೊಡದಿದ್ದರೆ ಮೊದಲ ಅನುಮಾನ ಭಾಷೆಯ ಮೇಲೆ. ಕರೆದದ್ದು ಕನ್ನಡದಲ್ಲಿ, ಅದಕ್ಕೆ ಗೊತ್ತಾಗಲಿಲ್ಲ ಎಂದು ತೀರ್ಮಾನವಾಯಿತು.

ನನ್ನ ಹೆಂಡತಿ ಸುಳ್ಯದವಳು, ಅಲ್ಲಿನ ಅರೆಭಾಷೆಯಲ್ಲಿ ಮುದ್ದುಗರೆದಳು. ಬೆಕ್ಕು ಕದಲಲಿಲ್ಲ. ಕೆಲಸದ ಹೆಂಗಸು "ಬಲ ಬಲ, ಇಡೆ ಬಲ" ಎಂದು ತುಳುವಿನಲ್ಲಿ ಕರೆದಳು. ಇಲ್ಲ. ನೆಲ್ಯಾಡಿಯಿಂದ ಬಂದಿದ್ದ ಕೇರಳ ಮೂಲದ ನನ್ನ ರಬ್ಬರ್ ಬೆಳೆಗಾರ ಮಿತ್ರರೊಬ್ಬರು ಮಂಡಿಯೂರಿ ಮಲಯಾಳದಲ್ಲಿ "ವಾ ಮೋಳೇ", ಬಾ ಮಗಳೇ, ಎಂದರು. ಅದಕ್ಕೂ ಇಲ್ಲ. ನಾನು ಕೊನೆಗೆ ಇಂಗ್ಲಿಷಿನಲ್ಲೂ ವಿನಂತಿಸಿದೆ.

ಅಷ್ಟರಲ್ಲಿ ಮನೆಮನೆಗೆ ಮೀನು ಮಾರುವ ಬ್ಯಾರಿ ಬಂದರು. ಕೈಯಲ್ಲಿ ಒಂದು ಬೂತಾಯಿ ಮೀನು ಹಿಡಿದುಕೊಂಡೇ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಬೆಕ್ಕು ಮೂಗೆತ್ತಿತು, ಎದ್ದಿತು, ಓಡಿತು!

"ಕಂಡಿರಾ! ಹುಟ್ಟಿ ಬೆಳೆದ ಮನೆಯ ಭಾಷೆ!" ಎಂದೆ. ಮರುದಿನದಿಂದಲೇ ನಾನು ಬ್ಯಾರಿ ಭಾಷೆ ಕಲಿಯಲು ಕುಳಿತೆ.

ಮೀನಿನವರು ಸ್ಕೂಟರ್ ಹತ್ತುತ್ತಾ ಹೇಳಿದ್ದನ್ನು ಆಗ ಯಾರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ: "ಬೂತಾಯಿ ಇದ್ರೆ ಯಾವ ಭಾಷೆಯೂ ಆಗ್ತದೆ ಮಾಷ್ಟ್ರೇ."

ಗೇಟು

ಒಂದು ಬೆಳಿಗ್ಗೆ ಪೇಪರು ತರಲು ಇಳಿದವನು ಗೇಟು ಹಾಕದೆ ಮೇಲೆ ಬಂದೆ. ಜಗಲಿಯಿಂದ ನೋಡಿದರೆ ಮುತ್ತು ಓಣಿಯ ನಡುವೆ ಕುಳಿತು ಮುಖ ತೊಳೆಯುತ್ತಿದೆ. ಅದರ ಬೆನ್ನ ಹಿಂದೆ ಇಳಿಜಾರಿನಲ್ಲಿ ಆಟೊ ಒಂದು ಹಾರನ್ ಹಾಕುತ್ತಾ ಬರುತ್ತಿದೆ. ಕನ್ನಡದಲ್ಲಿ ಕೂಗಿದೆ, ತುಳುವಿನಲ್ಲಿ ಕೂಗಿದೆ, ಹೊಸದಾಗಿ ಕಲಿತ ಬ್ಯಾರಿಯಲ್ಲಿ ಕೂಗಿದೆ. ಅದು ಎಡಗೈ ಮುಗಿಸಿ ಬಲಗೈ ನೆಕ್ಕತೊಡಗಿತು.

ನಾನು ಓಡಿ ಇಳಿಯುವಷ್ಟರಲ್ಲಿ ಆಟೊ ನಿಂತಿತ್ತು. ನಡುವೆ ಉಳಿದದ್ದು ಒಂದು ಗೇಣು.

"ಎಂತ ಮಾಷ್ಟ್ರೇ, ಈ ರಸ್ತೆಗೆ ಡಾಂಬರು ಹಾಕಿಸಿದ್ದು ಇದುವಾ?" ಎಂದ ಚಾಲಕ, ಹಣೆಯ ಬೆವರು ಒರಸಿಕೊಳ್ಳುತ್ತಾ.

ನಾನು ಬೆಕ್ಕನ್ನು ಬಾಚಿ ಎತ್ತಿಕೊಂಡೆ. ಅದಕ್ಕೇನಾದರೂ ಆಗಿದ್ದರೆ, ಮಗಳ ಹಾಗೆ ಎಂದು ಒಪ್ಪಿಸಿ ಹೋದವರಿಗೆ ಏನೆಂದು ಹೇಳುತ್ತಿದ್ದೆ? ಹಾರನ್ನಿಗೂ ಕದಲದ ಬೆಕ್ಕನ್ನು ಎದೆಗೊತ್ತಿಕೊಂಡು ಹೆಂಡತಿಯೂ ನಾನೂ ಅದೇ ಆಟೊದಲ್ಲಿ ಪಶುವೈದ್ಯರ ಹತ್ತಿರ ಹೋದೆವು. ವೈದ್ಯ ನನ್ನ ಹಳೆಯ ವಿದ್ಯಾರ್ಥಿ. ಬೆಕ್ಕಿನ ಹಿಂದೆ ನಿಂತು ಒಂದು ಸ್ಟೀಲಿನ ತಟ್ಟೆಯನ್ನು ನೆಲಕ್ಕೆ ಕೆಡವಿದ. ನಾನು ಹಾರಿದೆ, ಹೆಂಡತಿ ಹಾರಿದಳು. ಮೇಜಿನ ಮೇಲೆ ಹಾಸಿದ ದಪ್ಪ ಕಂಬಳಿಯಲ್ಲಿ ಮುತ್ತು ನನ್ನ ಮುಖವನ್ನೇ ನೋಡುತ್ತಾ ಕುಳಿತಿತ್ತು.

"ಇದಕ್ಕೆ ಕಿವಿ ಕೇಳುದಿಲ್ಲ ಸರ್. ಬಿಳಿ ಬೆಕ್ಕಿಗೆ, ಅದರಲ್ಲೂ ನೀಲಿ ಕಣ್ಣಿದ್ರೆ, ಹುಟ್ಟಿನಿಂದಲೇ ಹೀಗೆ ಇರುದು ಉಂಟು."

ನಾನು ಕುರ್ಚಿ ಎಳೆದುಕೊಂಡು ಕೂತೆ. "ಹಾಗಾದ್ರೆ ಎರಡು ತಿಂಗಳಿಂದ ನಾನು ಮಾಡಿದ ಹಳಗನ್ನಡ ವ್ಯಾಕರಣ?"

ಆತ ಬಹಳ ವಿನಯದಿಂದ ಹೇಳಿದ: "ಅದು ನಮಗೂ ಕೇಳ್ತಿರ್ಲಿಲ್ಲ ಸರ್."

ಹೆಜ್ಜೆ

ವೈದ್ಯರ ಸಲಹೆ: ಕರೆಯಬೇಕಾದರೆ ನೆಲಕ್ಕೆ ಕಾಲು ಅಪ್ಪಳಿಸಿ, ನೆಲ ಅದುರುವುದು ಅದಕ್ಕೆ ಗೊತ್ತಾಗ್ತದೆ. ಅಂದಿನಿಂದ ದಿನಕ್ಕೆ ಮೂರು ಹೊತ್ತು ನಾನು ಧಪಧಪ ಕುಟ್ಟತೊಡಗಿದೆ. ಬೆಕ್ಕು ಎಲ್ಲಿದ್ದರೂ ಬಂತು. ಜೊತೆಗೆ ನಾಲ್ಕನೆಯ ದಿನ ಕೆಳಮನೆಯ ಬಾಡಿಗೆದಾರರೂ ಬಂದರು. ಹವ್ಯಾಸಿ ಯಕ್ಷಗಾನ ಕಲಾವಿದರು ಅವರು.

"ಸಂತೋಷ ಸರ್. ಈ ಪ್ರಾಯದಲ್ಲಿ ಕಲೀಲಿಕ್ಕೆ ಹೊರಟಿರಲ್ಲ, ಅದು ದೊಡ್ಡದು," ಎಂದು ಕೈಮುಗಿದರು. ನಾನು ಬೆಕ್ಕು, ಕಿವಿ ಎಂದೆಲ್ಲ ಆರಂಭಿಸಿದೆ. ಅವರು ಕೈಯೆತ್ತಿ ತಡೆದರು. "ನಾಚಿಕೆ ಎಂತಕ್ಕೆ ಸರ್? ಹೆಜ್ಜೆಯಲ್ಲಿ ಬಲ ಉಂಟು. ತಾಳ ಮಾತ್ರ ಇಲ್ಲ."

ವಾಪಸು ಕೊಟ್ಟದ್ದು

ಗೇಟಿಗೆ ಸ್ಪ್ರಿಂಗ್ ಹಾಕಿಸಿದೆ. ಕಿವಿಯ ತುದಿಗೆ ವೈದ್ಯರು ಕೊಟ್ಟ ಮುಲಾಮು ಹಚ್ಚಿದೆ. ಪಾಠ ಮಾತ್ರ ನಿಲ್ಲಲಿಲ್ಲ. ಕೇಳದಿದ್ದರೂ ಅದು ಬಂದು ಎದುರು ಕೂರುತ್ತಿತ್ತಲ್ಲ! ಕಾಲೇಜಿನಲ್ಲಿ ಹಾಜರಿ ಕರೆದರೂ ಕೂರದವರಿದ್ದರು.

ಆರು ತಿಂಗಳಾಗಿ ಉಮ್ಮ ಬಂದರು. ಮುತ್ತು ಅವರನ್ನು ಕಂಡದ್ದೇ ಮಡಿಲಿಗೆ ಹಾರಿತು. ಉಮ್ಮ ಅದರ ಕಿವಿ, ಬಾಲ, ಹೊಟ್ಟೆ ಎಲ್ಲ ಸವರಿ ನೋಡಿ ಕಣ್ಣೊರಸಿಕೊಂಡರು. ಆದರೂ ಹೇಳುವ ಕರ್ತವ್ಯವಿತ್ತು. ರಾತ್ರಿಯೆಲ್ಲ ಮನಸ್ಸಿನಲ್ಲೇ ಸಿದ್ಧಪಡಿಸಿದ್ದನ್ನು ಒಪ್ಪಿಸಿದೆ.

"ಉಮ್ಮ, ಗಟ್ಟಿ ಮನಸ್ಸು ಮಾಡ್ಕೊಳ್ಳಿ. ನಿಮ್ಮ ಮುತ್ತುವಿಗೆ ಕಿವಿ ಕೇಳುದಿಲ್ಲ."

ಉಮ್ಮ ನನ್ನ ಮುಖ ನೋಡಿದರು. ಆಮೇಲೆ ಹೆಂಡತಿಯ ಮುಖ ನೋಡಿದರು.

"ಗೊತ್ತುಂಟು ಮಾಷ್ಟ್ರೇ. ಅದನ್ನೇ ಹೇಳ್ಲಿಕ್ಕೆ ಆ ದಿನ ನಾಲ್ಕು ಸಲ ಬಾಯಿ ತೆರೆದೆ. ನೀವು ಈಜಿಪ್ಟಿನಿಂದ ಇಳಿಯಲೇ ಇಲ್ಲ."

"ಅಯ್ಯೋ! ಹಾಗೇ ಬಿಟ್ಟು ಹೋಗ್ಲಿಕ್ಕೆ ನಿಮಗೆ ಧೈರ್ಯ ಹೇಗೆ ಬಂತು?"

"ಅಷ್ಟು ಹೊತ್ತು ನಿಮ್ಮ ಮಾತು ಕೇಳಿದ ಮೇಲೆಯೇ ಧೈರ್ಯ ಬಂದದ್ದು," ಎಂದರು ಉಮ್ಮ, ಬೆಕ್ಕಿನ ತಲೆ ಸವರುತ್ತಾ. "ಕಿವಿ ಇದ್ದ ಬೆಕ್ಕಾಗಿದ್ರೆ ನಿಮ್ಮ ಮನೆಯಲ್ಲಿ ಒಂದು ವಾರ ನಿಲ್ತಿತ್ತಾ?"