ಸವಳು ನೀರಿಗೆ ನಿಂಬೆ ಸಾಬೂನು

ಮುಪ್ಪಿನಲ್ಲಿ ಮನುಷ್ಯ ತನ್ನ ಪಾಪಗಳನ್ನು ಒಪ್ಪಿಕೊಂಡು ಹಗುರಾಗಬೇಕು ಎನ್ನುತ್ತಾರೆ. ಒಪ್ಪಿಕೊಳ್ಳಲು ನನ್ನದೇನೂ ಅಡ್ಡಿಯಿಲ್ಲ. ಆದರೆ ನಾನು ಮನೆಯಲ್ಲಿ ಸಾಬೂನು ಮಾಡಿದ್ದೇ ತಪ್ಪು ಎಂದು ಯಾರಾದರೂ ಅಂದರೆ, ಇವತ್ತಿಗೂ ಕೋಲು ಊರಿ ಎದ್ದುನಿಂತು ಜಗಳಾಡುತ್ತೇನೆ. ಮಾಡಿದ ರೀತಿ ತಪ್ಪಿರಬಹುದು. ಅದು ಬೇರೆ ಮಾತು.

ಆಗ ನಾನು ಇಂಡಿ ಊರಿನ ಕಚೇರಿಯಲ್ಲಿ ಕಾರಕೂನ. ನಮ್ಮ ಓಣಿಯ ಬಾವಿಯ ನೀರು ಸವಳು. ಅಂಗಡಿಯ ಸಾಬೂನನ್ನು ಎಷ್ಟು ತಿಕ್ಕಿದರೂ ನೊರೆ ಏಳದು. ಬೂದು ಬಣ್ಣದ ಜಿಡ್ಡು ಧೋತರಕ್ಕೆ ಅಂಟಿ, ಕಚೇರಿಯಲ್ಲಿ ನಾನು ಮೋಡ ಉಟ್ಟುಕೊಂಡವನಂತೆ ಕಾಣುತ್ತಿದ್ದೆ. ಅದಕ್ಕೆ ನನ್ನ ಹೆಂಡತಿ ಗಂಗವ್ವ ಸೋಡಾ ಕಲಸಿ ಒಗೆಯುತ್ತಿದ್ದಳು. ಸೋಡಾ ಅವಳ ಅಂಗೈ ಸೀಳಿತ್ತು. ಬಿಸಿನೀರು ಹೊಯ್ದು ಜೋಳದ ಹಿಟ್ಟು ನಾದುವಾಗ ‘ಸ್ಸ್’ ಎಂದು ಹಲ್ಲು ಕಚ್ಚುತ್ತಿದ್ದಳು. ಆ ಸದ್ದು ಕೇಳುತ್ತ ಅದೇ ರೊಟ್ಟಿ ನುಂಗುವುದು ನನ್ನಿಂದಾಗಲಿಲ್ಲ. ಮ್ಯಾಟ್ರಿಕ್ ಪಾಸಾದವನು ಸುಮ್ಮನೆ ಕೂರುವುದುಂಟೆ? ಸಾಬೂನಿನಲ್ಲಿ ಸಿಟ್ರಿಕ್ ಆಸಿಡ್ ಬಿದ್ದರೆ ಸವಳು ನೀರಲ್ಲೂ ನೊರೆ ಏಳುತ್ತದೆಂದು ಔಷಧದಂಗಡಿಯವನು ಹೇಳಿದ. ಅವನ ಹತ್ತಿರ ಅದು ಸೀಸೆಯಲ್ಲಿತ್ತು. ನಮ್ಮ ಇಂಡಿಯಲ್ಲಿ ಗಿಡದಲ್ಲೇ ಜೋತಾಡುತ್ತಿತ್ತು. ಝಳಕಿ ಕಡೆಯ ತೋಟದಿಂದ ಉದುರಿದ ನಿಂಬೆಹಣ್ಣು ಚೀಲ ತುಂಬ ತಂದೆ.

ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಿ, ಹೊಗೆಯಾಡಿ ಆರಿದ ಮೇಲೆ ಕುಸುಬಿ ಎಣ್ಣೆಗೆ ಬೆರೆಸಿ, ನಿಂಬೆ ರಸ ಹಿಂಡಿ ತಿರುವಿದೆ. ತಿರುವುತ್ತಲೇ ಇದ್ದೆ. ಗಟ್ಟಿಯಾಗಲಿಲ್ಲ. ಹುಳಿಯೂ ಕ್ಷಾರವೂ ಒಂದನ್ನೊಂದು ತಿಂದು ಮುಗಿಸುತ್ತವೆ ಎಂಬುದು ನಾನು ಓದಿದ ಪಾಠವೇ. ಪರೀಕ್ಷೆಯಲ್ಲಿ ಬರೆದು ಅಲ್ಲೇ ಬಿಟ್ಟು ಬಂದಿದ್ದೆ. ಗಂಗವ್ವ ಗಡಿಗೆಯಲ್ಲಿ ಇಣುಕಿದಳು.

“ಇದರಲೆ ಅರಿವಿ ಒಗಿಯೂದ್ರಿ, ಇಲ್ಲಾ ರೊಟ್ಟಿಗೆ ಹಚ್ಕೊಂಡು ತಿನ್ನೂದ್ರಿ?”

“ಸುಮ್ಕಿರು. ಕಾಸ್ಟಿಕ್ ಕಡಿಮಿ ಬಿದ್ದೈತಿ.”

ಮುಂದಿನ ಸಲ ಸಿಟ್ಟಿನ ಕೈಯಿಂದಲೇ ಕಾಸ್ಟಿಕ್ ಸುರಿದೆ. ಕಲ್ಲಿನಂಥ ಸಾಬೂನಾಯಿತು! ಕಾಸ್ಟಿಕ್ ಹೆಚ್ಚಾಗಿದೆಯೇ ಎಂದು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಾರೆಂದು ಕೇಳಿದ್ದೆ, ಮುಟ್ಟಿಸಿದೆ. ಚೇಳು ಕುಟುಕಿದಂತಾಯಿತು. ಕಣ್ಣೀರು ಒರೆಸಿಕೊಳ್ಳುತ್ತಲೇ “ಛಲೋ ಐತಿ” ಎಂದೆ. ಬಾವಿಕಟ್ಟೆ ತುಂಬ ನೊರೆ ಎದ್ದಿತು, ಓಣಿಯೇ ನೋಡಲು ಬಂತು. ಸಂಜೆ ಗಂಗವ್ವ ಎರಡೂ ಅಂಗೈ ನನ್ನ ಮುಂದೆ ಚಾಚಿದಳು. ಹಳೆಯ ಸೀಳುಗಳಲ್ಲಿ ರಕ್ತ ಒಸರುತ್ತಿತ್ತು.

“ನಾಳಿಂದ ನಾ ಒಗಿಯಂಗಿಲ್ಲ. ಸಾಬೂನು ನಿಮ್ಮದು, ಅರಿವೀನೂ ನೀವ ಒಗೀರಿ.”

ಗಂಡಸು ಬಾವಿಕಟ್ಟೆಯಲ್ಲಿ ಕೂತು ಹೆಂಡತಿಯ ಸೀರೆ ಒಗೆಯುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಒಗೆದೆ. ಸಾಬೂನು ಬಿಡುವುದಕ್ಕಿಂತ ಮಾನ ಬಿಡುವುದು ಸುಲಭವೆನಿಸಿತು. ಎದುರು ಮನೆಯ ರಾಚಪ್ಪ ಹಲ್ಲು ಕಿರಿದ.

“ಕಾರಕೂನ ಸಾಹೇಬ್ರ, ಸೆರಗು ಚಂದಂಗ ಹಿಂಡ್ರಿ!”

“ನಿನ್ನ ಹೇಂತಿದೂ ತಾರೋ, ಹಿಂಡ್ತೇನಿ. ನಿನ್ನ ಕೈಲೆ ಅಂತೂ ಆಗೂದಿಲ್ಲ.”

ಮುಂದೆ ಕಾಸ್ಟಿಕ್ಕನ್ನು ತೂಗಿ ಹಾಕಿ, ಸಾಬೂನನ್ನು ತಿಂಗಳುಗಟ್ಟಲೆ ಒಣಗಿಸಿ ಸುಧಾರಿಸಿದೆ. ಆದರೂ ಒಗೆಯುವ ಕೆಲಸ ನನ್ನ ಹೆಗಲಿಂದ ಇಳಿಯಲಿಲ್ಲ. ಗಂಗವ್ವನ ಅಂಗೈಯ ಸೀಳುಗಳು ಮಾತ್ರ ಕೂಡಿಕೊಂಡವು. ನಿಂಬೆ ಸಾಬೂನು ಕೈ ಒಡಕನ್ನು ವಾಸಿ ಮಾಡುತ್ತದೆಂದು ಮನಗೂಳಿಯವರೆಗೆ ಸುದ್ದಿ ಹಬ್ಬಿತು. ಯಾರು ಕೇಳಿದರೂ ನಾನು ಗಂಭೀರವಾಗಿ ಗೋಣು ಹಾಕಿದೆ. ಪಾಪವೆಂದರೆ ಇದೊಂದೇ.

ಒಂದು ದಿನ ಪಕ್ಕದ ಮನೆಯ ಹುಸೇನಬಿ ತನ್ನ ಒಡೆದ ಕೈ ತೋರಿಸುತ್ತ ಬಂದಳು. “ಗಂಗಕ್ಕಾ, ಖರೇ ಹೇಳ, ಈ ಸಾಬೂನಿನಾಗ ಏನ್ ಹಾಕ್ತೀರಿ? ನಿನ್ನ ಕೈ ಬೆಣ್ಣಿ ಆಗ್ಯಾವ ನೋಡ!”

ಒದ್ದೆ ಸೀರೆ ಹೊತ್ತು ನಾನು ಬಾಗಿಲಲ್ಲೇ ನಿಂತೆ. ನನ್ನ ಅಂಗೈ ಉರಿಯುತ್ತಿತ್ತು. ಗಂಗವ್ವ ತಿರುಗಿಯೂ ನೋಡಲಿಲ್ಲ.

“ಸಾಬೂನಿನಾಗ ಏನೂ ಇಲ್ಲವ್ವಾ. ಒಯ್ಯೂದಿದ್ರ ನಮ್ಮ ಮನಿಯವರನ್ನ ಒಯ್ಯಿ.”

ಹುಸೇನಬಿ ನನ್ನ ಕೈ ನೋಡಿದಳು, ನಕ್ಕಳು, ಸಾಬೂನು ಒಯ್ಯದೆ ಹೋದಳು. ಮನೆಯಲ್ಲಿ ಗಂಡನಿಗೆ ಏನು ಹೇಳಿದಳೋ, ಮರುದಿನ ಅವನೂ ಬುಟ್ಟಿ ಹೊತ್ತು ಬಾವಿಕಟ್ಟೆಗೆ ಬಂದ. ಆಮೇಲೆ ಬಹಳ ದಿನ ನನ್ನೊಡನೆ ಮಾತು ಬಿಟ್ಟ. ನಾನೂ ಅವನ ಕ್ಷಮೆ ಕೇಳಲಿಲ್ಲ. ಸ್ವಲ್ಪ ಸರಿದು ಒಗೆಯುವ ಕಲ್ಲಿನ ಮೇಲೆ ಜಾಗ ಕೊಟ್ಟೆ.