ಬೀದಿಗೊಂದೇ ಈಮೇಲು

"ರೀ, ಇದೂ ಅದೇ ಅಡ್ರೆಸ್ಸು" ಎಂದಳು ತರನ್ನುಮ್, ಡಬ್ಬಿಯಿಂದ ಒಂಬತ್ತನೆಯ ಚೀಟಿ ತೆಗೆಯುತ್ತ.

"ಯಾರೋ ದೊಡ್ಡ ಫ್ಯಾಮಿಲಿ ಇರ್ಬೇಕು. ಮುಂದಿನ್ದು ತೆಗಿ" ಎಂದ ಖಾದರ್ ಬಾಷಾ.

ಮುಂದಿನದೂ ಅದೇ. ಅದರ ಮುಂದಿನದೂ ಅದೇ. ಇಡೀ ಡಬ್ಬಿ ನೆಲಕ್ಕೆ ಸುರಿದು ನೋಡಿದರು. ನೂರ ನಲವತ್ತೆರಡು ಚೀಟಿ, ನೂರ ನಲವತ್ತೆರಡು ಹೆಸರು, ಈಮೇಲ್ ಮಾತ್ರ ಒಂದೇ: ಅವರ ಅಂಗಡಿ ಸಾಲಿನ ಕೊನೆಯಲ್ಲೇ ಗೂಡಿನಂಥ ಜೆರಾಕ್ಸ್ ಅಂಗಡಿ ಇಟ್ಟಿರುವ ಸುಬ್ರಮಣಿಯದು.

ಬಾಷಾನಿಗೆ ತಲೆಯ ಮೇಲೆ ಬಟ್ಟೆ ಥಾನು ಬಿದ್ದಂತಾಯಿತು. ಬ್ಯಾಟರಾಯನಪುರದ ಒಳರಸ್ತೆಯಲ್ಲಿ ಹದಿನೆಂಟು ವರ್ಷದಿಂದ ಅವನ ಮ್ಯಾಚಿಂಗ್ ಸೆಂಟರ್. ಯಾವ ಬಣ್ಣದ ಸೀರೆ ತಂದರೂ ಅದಕ್ಕೊಪ್ಪುವ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು ಕಣ್ಣು ಮುಚ್ಚಿ ಎಳೆದು ಕೊಡುತ್ತಿದ್ದ. ಕಳೆದ ವಾರ ಇಡೀ ಮಳಿಗೆ ಸಾಲಿನ ಮಾಲೀಕ ಚಿಕ್ಕಹನುಮಯ್ಯ ಬಂದು, "ಮೊಬೈಲ್ ಕಂಪ್ನಿಯೋರು ಈ ಅಂಗ್ಡಿ ಕೇಳ್ತಾವ್ರೆ ಕಣಪ್ಪಾ. ಅವ್ರತ್ರ ಗಿರಾಕಿಗಳ ಈಮೇಲ್ ಲಿಸ್ಟೇ ಐತಂತೆ. ಒಂದ್ ಮೇಲ್ ಬಿಟ್ರೆ ಜನ ಇರುವೆ ಅಂಗೆ ಮುತ್ಕೋತಾರಂತೆ. ನಿನ್ನತ್ರ ಏನೈತೆ?" ಎಂದು ಕೇಳಿದ್ದ.

ಬಾಷಾನಿಗೆ ಮೈಯೆಲ್ಲ ಉರಿದಿತ್ತು. "ನಾನೂ ಲಿಸ್ಟ್ ಮಾಡ್ತೀನಿ ಯಜಮಾನ್ರೇ! ಭಾನುವಾರ ಸಂಜೆ ಐದಕ್ಕೆ ಬನ್ನಿ, ಜನ ತೋರಿಸ್ತೀನಿ. ಇಲ್ದಿದ್ರೆ ಬೀಗ ನಿಮ್ ಕೈಗೆ!"

ಅಂದೇ ಬಾಗಿಲಿಗೆ ಬಿಸ್ಕೆಟ್ ಡಬ್ಬಿ ಕಟ್ಟಿ, "ಈಮೇಲ್ ಬರೆದು ಹಾಕಿ, ಮೂವತ್ತು ಪರ್ಸೆಂಟ್ ಡಿಸ್ಕೌಂಟ್ ಕೂಪನ್ ಪಡೆಯಿರಿ" ಎಂದು ಬೋರ್ಡು ಹಾಕಿದ. ಈಗ ಆ ಭಾನುವಾರ ಬಂದಿತ್ತು.

ಎದುರು ಮನೆಯ ಲಕ್ಷ್ಮಿದೇವಮ್ಮನನ್ನು ಕೂಗಿ ಕೇಳಿದ. "ಅಮ್ಮಾ, ನಿಮ್ ಈಮೇಲ್ ಬರೀರಿ ಅಂದ್ರೆ ಸುಬ್ರಮಣೀದು ಬರ್ದಿದ್ದೀರಲ್ಲ?"

"ಅವ್ನದ್ಯಾಕಪ್ಪಾ ಆಗುತ್ತೆ? ನಮ್ ಬೀದೀದು ಅದು!" ಆಕೆಗೇ ಆಶ್ಚರ್ಯ. "ಬೀದಿಗೆಲ್ಲಾ ಪಿನ್‌ಕೋಡ್ ಒಂದೇ ಅಲ್ವಾ? ಹಂಗೇ ಇದೂ. ಗ್ಯಾಸಿಗೂ ಅದೇ, ಆಧಾರಿಗೂ ಅದೇ, ಮೊಮ್ಮಗಳ ಸ್ಕೂಲಿಗೂ ಅದೇ. ಫಾರಂ ತುಂಬ್ವಾಗೆಲ್ಲ ಸುಬ್ರಮಣಿ ಅದನ್ನೇ ಹಾಕ್ತಾನೆ."

ತರನ್ನುಮ್ ನಕ್ಕು ನಕ್ಕು ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು. "ಬಿಟ್ಬಿಡಿ. ಒಬ್ಬನಿಗೇ ಅಷ್ಟೂ ಕಳ್ಸಿದ್ರೆ ಊರೆಲ್ಲ ನಗುತ್ತೆ."

"ನಗ್ಲಿ! ಚೀಟಿ ಹಾಕಿದೋರು ನೂರ ನಲವತ್ತೆರಡು ಜನ, ಕೂಪನ್ನೂ ಅಷ್ಟೇ. ಒಬ್ಬೊಬ್ರ ಹೆಸರು ಹಾಕಿ ಕಳ್ಸು. ಕೊಟ್ಟ ಮಾತಿಂದ ನಾನು ಹಿಂದೆ ಸರಿಯಲ್ಲ."

ತರನ್ನುಮ್ ಮಧ್ಯಾಹ್ನದವರೆಗೂ ಫೋನು ಒತ್ತಿ ಒತ್ತಿ ಕಳಿಸಿದಳು. ಕೂಪನ್ ಬಂದ ಸುದ್ದಿಯನ್ನು ಲಕ್ಷ್ಮಿದೇವಮ್ಮ ಮನೆಮನೆಗೂ ಮುಟ್ಟಿಸಿದಳು. ನಾಲ್ಕೂವರೆಗೆ ಬೀದಿ ತುಂಬ ಹೆಂಗಸರು! ಬಾಷಾ ಕೂದಲು ಬಾಚಿಕೊಂಡು, ಕತ್ತರಿ ಒರೆಸಿಕೊಂಡು ಗಲ್ಲಾದ ಹಿಂದೆ ಎದೆಯುಬ್ಬಿಸಿ ನಿಂತ.

ಹೆಂಗಸರೆಲ್ಲ ಅವನ ಅಂಗಡಿ ದಾಟಿ ಸೀದಾ ಸುಬ್ರಮಣಿಯ ಗೂಡಿನ ಮುಂದೆ ಸಾಲು ನಿಂತರು.

ಕೂಪನ್ ಇರುವುದು ಅಲ್ಲೇ ತಾನೆ? ಅವನ ಪ್ರಿಂಟರು ಉಬ್ಬಸದ ಮುದುಕನಂತೆ ಕೆಮ್ಮಿ ಕೆಮ್ಮಿ ಒಂದೊಂದೇ ಹಾಳೆ ಉಗುಳುತ್ತಿತ್ತು. ಬಾಷಾ ಓಡಿದ. "ಪ್ರಿಂಟ್ ಬೇಡ ಅಕ್ಕಾ! ಸುಮ್ನೆ ಬನ್ನಿ, ಹೆಸರು ಹೇಳಿ, ಡಿಸ್ಕೌಂಟ್ ಕೊಡ್ತೀನಿ!"

"ಆಮೇಲೆ ತಕರಾರು ಮಾಡೋಕಾ?" ಎಂದಳು ಸಾಲಿನ ಮುಂದಿದ್ದ ಕಲಾವತಿ. "ಪೆನ್ಷನ್ ಆಫೀಸಲ್ಲಿ ಒಂದು ಜೆರಾಕ್ಸ್ ಕಮ್ಮಿ ಅಂತ ಮೂರ್ ಸಲ ಓಡಾಡ್ಸಿದ್ರು. ಪೇಪರ್ ಇಲ್ದೆ ನಾನು ಎಲ್ಲಿಗೂ ಕಾಲಿಡಲ್ಲ. ಸುಬ್ರಮಣೀ, ನಂಗೆ ಎರಡು ಕಾಪಿ!"

"ನಂಗೂ ಎರಡು!" ಎಂದಿತು ಇಡೀ ಸಾಲು.

ಸರಿಯಾಗಿ ಐದಕ್ಕೆ ಚಿಕ್ಕಹನುಮಯ್ಯನ ಸ್ಕೂಟರು ಬಂದು ನಿಂತಿತು. ಅವನು ಬಾಷಾನ ಖಾಲಿ ಅಂಗಡಿ ನೋಡಿದ. ಮೂಲೆ ತಿರುಗಿ ಬಸ್‌ಸ್ಟಾಪಿನವರೆಗೆ ಹಬ್ಬಿದ್ದ ಸಾಲು ನೋಡಿದ. ಬಾಯಿ ತೆರೆದುಕೊಂಡಿತು.

"ಎಲಾ ಇವ್ನ! ಸುಬ್ರಮಣಿಗೆ ಇಷ್ಟು ಯಾಪಾರ ಐತಾ?"

"ಯಜಮಾನ್ರೇ, ಇವರೆಲ್ಲಾ ನನ್ ಗಿರಾಕಿಗಳು!"

"ನಿನ್ ಗಿರಾಕಿಗಳಾದ್ರೆ ಅವನ ಅಂಗ್ಡಿ ಮುಂದೆ ಯಾಕ್ ನಿಂತವ್ರೆ?"

ಬಾಷಾ ವಿವರಿಸಲು ಹೋದ. ಕೂಪನ್ನು, ಬೀದಿಯ ಈಮೇಲು, ಪಿನ್‌ಕೋಡು ಎಲ್ಲ ಸೇರಿ ನಾಲಿಗೆ ಸಿಕ್ಕುಬಿದ್ದ ದಾರದ ಉಂಡೆಯಾಯಿತು.

ಚಿಕ್ಕಹನುಮಯ್ಯ ಕೈ ಎತ್ತಿ ತಡೆದ. "ಕಂಪ್ನಿಯೋರೂ ಬ್ಯಾಡ, ನೀನೂ ಬ್ಯಾಡ. ಮುಂದಿನ್ ತಿಂಗ್ಳಿಂದ ನಿನ್ ದೊಡ್ಡ ಅಂಗ್ಡಿ ಸುಬ್ರಮಣಿಗೆ. ಪಾಪ, ಇಷ್ಟು ಜನಾನ ಆ ಗೂಡಲ್ಲಿ ಎಂಗ್ ಸಂಭಾಳಿಸ್ತಾನೆ? ಬೇಕಿದ್ರೆ ನೀನು ಅಲ್ಲಿಗೋಗು."

"ಹೋಗ್ತೀನಿ! ಗೂಡಲ್ಲಿ ಕೂತೇ ಮಾರ್ತೀನಿ. ಈ ಬೀದಿ ಮಾತ್ರ ಬಿಡಲ್ಲ, ಬರ್ಕೊಳ್ಳಿ!"

"ಬರ್ಕೊಳ್ಳಾದೇನು, ಅದಕ್ಕೂ ಒಂದ್ ಪ್ರಿಂಟ್ ತಗೊಂಡ್ಬಾ" ಎಂದು ಚಿಕ್ಕಹನುಮಯ್ಯ ಸ್ಕೂಟರಿಗೆ ಕಿಕ್ ಹೊಡೆದ.

ಸ್ಕೂಟರು ಮೂಲೆಯಲ್ಲಿ ತಿರುಗಿ ಮರೆಯಾಯಿತು. ಅತ್ತ ಪ್ರಿಂಟರು ಕೊನೆಯ ಹಾಳೆ ಉಗುಳುವಷ್ಟರಲ್ಲಿ ಬೀದಿದೀಪ ಹತ್ತಿತ್ತು. ಒಬ್ಬರಿಗೊಬ್ಬರು ಕಾದು ನಿಂತಿದ್ದ ನೂರ ನಲವತ್ತೆರಡು ಹೆಂಗಸರು ಎರಡೆರಡು ಹಾಳೆ ಹಿಡಿದು ಒಟ್ಟಿಗೇ ಬಾಷಾನ ಅಂಗಡಿಗೆ ನುಗ್ಗಿದರು. ಬಾಷಾ ಹಲ್ಲು ಕಚ್ಚಿ, ಅಂಗಿಯ ತೋಳು ಮಡಿಸಿ, ಮೊದಲ ಗಿರಾಕಿಯ ಲೈನಿಂಗನ್ನು ಬೇಕೆಂದೇ ನಾಲ್ಕು ಬೆರಳು ಹೆಚ್ಚಿಗೆ ಅಳೆದು ಪರ್ರೆಂದು ಹರಿದ.