ಒಂದಾದ್ರೂ ಚೆಂಡು ಈ ಕಡಿ ಬಿಡ್ರೇ!

ಮನೆಯಲ್ಲಿ ಒಬ್ಬ ಹುಡುಗಿ ಆಟಕ್ಕೆ ಬಿದ್ದಳೆಂದರೆ ಆಡುವವಳು ಅವಳೊಬ್ಬಳೇ, ಮುಗ್ಗರಿಸಿ ಬೀಳುವವರು ಮಾತ್ರ ಉಳಿದವರೆಲ್ಲ. ನಮ್ಮ ಮನೆಯಲ್ಲಂತೂ ಯಾರಾದರೊಬ್ಬರು ಬೀಳದೆ ಒಂದು ಟೂರ್ನಿಯೂ ಮುಗಿದಿಲ್ಲ.

ನಾವಿರುವುದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಮಗನದು ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡು. ಅವನ ಮಗಳು, ಅಂದರೆ ನನ್ನ ಮೊಮ್ಮಗಳು, ಹಾಕಿ ಆಡುತ್ತಾಳೆ. ಆಡುತ್ತಾಳೆ ಅನ್ನುವುದಕ್ಕಿಂತ ನಿಲ್ಲುತ್ತಾಳೆ ಅನ್ನಬೇಕು, ಅವಳು ಗೋಲ್‌ಕೀಪರ್. ನಿಂತೂ ನಿಂತೂ ಇಂಡಿಯಾದ ಹೆಣ್ಣುಮಕ್ಕಳ ಟೀಮಿನ ತನಕ ಹೋದಳು. ಅಲ್ಲಿಗೆ ಹೋಗಿ ಕೂತಳು. ಯಾಕಂದರೆ ಟೀಮಿನಲ್ಲಿ ಇಬ್ಬರು ಗೋಲ್‌ಕೀಪರ್. ಮೊದಲನೆಯಾಕೆ ಗೋಲಿನ ಮುಂದೆ ನಿಲ್ಲುತ್ತಾಳೆ, ಎರಡನೆಯಾಕೆ ಬೆಂಚಿನ ಮೇಲೆ ಕೂರುತ್ತಾಳೆ. ನಮ್ಮಾಕೆ ಎರಡನೆಯಾಕೆ.

ದೇಶ ದೇಶ ಸುತ್ತಿದಳು, ವಿಮಾನ ಹತ್ತಿದಳು ಇಳಿದಳು, ಇಂಡಿಯಾದ ಗೋಲಿನ ಮುಂದೆ ಮಾತ್ರ ಒಮ್ಮೆಯೂ ನಿಂತಿರಲಿಲ್ಲ. ಫೋನು ಮಾಡಿದಾಗೆಲ್ಲ ಅದೇ ಮಾತು. "ಅಜ್ಜಿ, ಒಂದ್ ಮ್ಯಾಚ್ ನಿಂದ್ರಸಿದ್ರ ಸಾಕು. ಹಿಂಗ ಕುಂತೇ ಇದ್ರ ಮುಂದಿನ ಕ್ಯಾಂಪಿಗೆ ಕರಿಯೋದೂ ಅನುಮಾನ."

ಆ ಒಂದು ಮ್ಯಾಚಿಗಾಗಿ ಆದದ್ದೆಲ್ಲ ಹೇಳುತ್ತೇನೆ. ಅದಕ್ಕೂ ಮೊದಲಿನದ್ದು ಒಂದೆರಡು ಹೇಳದಿದ್ದರೆ ರುಚಿ ಹತ್ತುವುದಿಲ್ಲ.

ಜೇಬಿದ್ದ ಪ್ಯಾಡು

ಅವಳು ಇನ್ನೂ ಸಾಲಿ ಹುಡುಗಿ. ಕಂಟೋನ್ಮೆಂಟ್ ಕಡೆ ಮೈದಾನದಲ್ಲಿ ಆಡುತ್ತಿದ್ದಳು. ಗೋಲ್‌ಕೀಪರ್ ಅಂದರೆ ಕಾಲಿಗೆ ಗಾದಿಯಂಥ ದಪ್ಪ ಪ್ಯಾಡು ಕಟ್ಟಬೇಕಂತೆ. "ಅದಕ್ಯಾಕ ಅಂಗಡಿಗೆ ಹೋಗ್ತೀರಿ, ಕೌದಿ ಹೊಲಿಯೋ ನಾ ಅದೀನಲ್ಲ" ಅಂದೆ. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಮಗನ ಶೆಡ್ಡಿನಲ್ಲಿ ಬಿದ್ದಿದ್ದ ಜೀನ್ಸ್ ತುಂಡು ಕೊಟ್ಟು, ಕೌದಿಯ ಹಾಗೆ ದಾರ ಎಳೆದೆ. ಅದರಲ್ಲಿ ಒಂದು ತುಂಡಿಗೆ ಹಿಂದಿನ ಜೇಬು ಹಾಗೇ ಇತ್ತು. ಒಳ್ಳೇ ಜೇಬನ್ನು ಯಾರಾದರೂ ಕಿತ್ತು ಬಿಸಾಡುತ್ತಾರೇನು? ಬಿಟ್ಟೆ.

ಮ್ಯಾಚಿನ ದಿನ ಎದುರಿನ ಹುಡುಗಿ ಎತ್ತಿ ಹೊಡೆದಳು. ಚೆಂಡು ಬಂತು, ನಮ್ಮಾಕೆಯ ಮೊಣಕಾಲಿಗೆ ಬಡಿಯಿತು, ಅಷ್ಟೇ, ಮಾಯ. ಗೋಲಿನೊಳಗೆ ನೋಡಿದರು, ಇಲ್ಲ. ಹಿಂದೆ ಹುಲ್ಲಿನಲ್ಲಿ ಹುಡುಕಿದರು, ಇಲ್ಲ. ಎರಡೂ ಕಡೆಯ ಹುಡುಗಿಯರು ನೆಲ ನೋಡಿಕೊಂಡು ತಿರುಗಾಡತೊಡಗಿದರು. ಕೊನೆಗೆ ನಮ್ಮಾಕೆ ನಾಚಿಕೊಂಡು ಮೊಣಕಾಲು ಮುಂದೆ ಮಾಡಿದಳು. ಚೆಂಡು ಜೇಬಿನಲ್ಲಿ ಬೆಚ್ಚಗೆ ಕೂತಿತ್ತು.

ಅಂಪೈರು ಕೈ ಹಾಕಿ ಎಳೆದ. ಬರಲಿಲ್ಲ. ಇನ್ನೊಬ್ಬ ಅಂಪೈರೂ ಬಂದು ಎಳೆದ. ಊಹೂಂ. ನೋಡಲು ಬಂದಿದ್ದ ನನ್ನ ಮಗನನ್ನು ಕರೆದು, "ಹೊಲಿಗಿ ಬಿಚ್ರೀ ಬೇಗ, ಆಟ ನಿಂತೈತಿ" ಅಂದರು. ಅವನು ಬಗ್ಗಿ ಜೇಬನ್ನು ಹಿಂದೆ ಮುಂದೆ ಸವರಿ ನೋಡಿ ಹೇಳಿದ:

"ಡಬಲ್ ಹೊಲಿಗಿ ಸರ್, ಹೊರದೇಶದ ಆರ್ಡರಿನ ಮಾಲು. ಬಿಚ್ಚಾಕ ಮನಸು ಬರವಲ್ದು. ನೀವು ಇನ್ನೊಂದ್ ಚೆಂಡು ತರಸ್ರಿ."

ಸಿರುಗುಪ್ಪದಿಂದ ಬಂದವರು

ಇಂಡಿಯಾ ಟೀಮಿಗೆ ಸೇರಿದ ಹೊಸತರಲ್ಲಿ, ರಜೆಗೆ ಬಂದಿದ್ದಾಗ, ಸಿರುಗುಪ್ಪದಿಂದ ಹೆಣ್ಣು ನೋಡಲು ಬಂದರು. ನೀರಾವರಿ ಗದ್ದೆ ಇದ್ದ ಮಂದಿ. ಮೊಮ್ಮಗಳು ಸೀರೆ ಉಟ್ಟು, ತಲೆ ತಗ್ಗಿಸಿ, ಚಹಾದ ತಟ್ಟೆ ಹಿಡಿದು ಬಂದಳು. ಹುಡುಗನ ತಾಯಿ ನನ್ನ ಸೊಸೆಯನ್ನು ಕೇಳಿದಳು:

"ಹುಡುಗಿ ಆಟದಾಗ ಏನ್ ಮಾಡ್ತಾಳ್ರಿ?"

"ಗೋಲಿನ ಮುಂದ ನಿಂದ್ರತಾಳ್ರಿ."

"ಬರೇ ನಿಂದ್ರೋದಾ?"

"ಇಂಡಿಯಾ ಟೀಮಿನಾಗ ಸದ್ಯಕ್ಕ ಕುಂದ್ರತಾಳ್ರಿ."

"ಅಲ್ಲವ್ವಾ, ನಿಂದ್ರೋದು ಕುಂದ್ರೋದು ನಮ್ಮ ಮನ್ಯಾಗೂ ಮಾಡಬಹುದಲ್ಲ. ಅದಕ್ಕ ಹೊರದೇಶಕ್ಕ ಯಾಕ ಹೋಗಬೇಕು?"

ಹುಡುಗನಿಗೆ ತನ್ನ ಕಾಲೇಜಿನ ಆಟ ನೆನಪಾಯಿತು. "ನಾನೂ ಹಾಕಿ ಆಡೀನ್ರಿ. ಒಂದೆರಡು ಹೊಡ್ದು ನೋಡ್ಲಾ?" ಅಂದ. ಹಿಂದಿನ ಓಣಿಯಲ್ಲಿ ಎರಡು ಕೊಡ ಇಟ್ಟು ಗೋಲು ಮಾಡಿದರು. ಮೊಮ್ಮಗಳು ಸೆರಗು ಸಿಕ್ಕಿಸಿಕೊಂಡು ನಿಂತಳು. ಹುಡುಗ ಬಲಕ್ಕೆ ಹೊಡೆದ, ತಡೆದಳು. ಎಡಕ್ಕೆ ಹೊಡೆದ, ತಡೆದಳು. ಅಂಗಿಯ ತೋಳು ಮಡಚಿದ, ಓಡಿ ಬಂದು ಹೊಡೆದ, ಅವಳು ಜಾರಿದ ಸೆರಗು ಸಿಕ್ಕಿಸಿಕೊಳ್ಳುತ್ತಲೇ ತಡೆದಳು.

ಹುಡುಗನ ತಾಯಿಗೆ ಸಿಟ್ಟೇ ಬಂತು. "ಬೀಗರಾಗಾಕ ಅಂತ ಬಂದೀವಿ. ಮರ್ಯಾದಿಗೆ ಒಂದಾದ್ರೂ ಬಿಡಬಾರದೇನವ್ವಾ?"

"ಒಮ್ಮೆ ಬಿಟ್ರ ರೂಢಿ ಆಗತೈತ್ರಿ ಅತ್ತಿ" ಅಂದಳು ನಮ್ಮಾಕೆ.

ಸಂಬಂಧ ಅಲ್ಲಿಗೆ ಮುಗಿಯಿತು. ಹುಡುಗ ಮಾತ್ರ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ನನ್ನ ಮಗನ ಕಿವಿಯ ಹತ್ತಿರ ಬಂದು ಹೇಳಿದ: "ಮಾಮಾ, ಮದುವಿ ಮಾತು ಇರಲಿ ಬಿಡ್ರಿ. ಬರೋ ಐತವಾರ ಇನ್ನೊಮ್ಮೆ ಹೊಡಿಯಾಕ ಬರ್ಲಾ?"

ಕುರುಗೋಡಿನ ದೃಷ್ಟಿ

ಕುರುಗೋಡು ನನ್ನ ತವರು. ಅಲ್ಲಿ ನನ್ನ ಅಕ್ಕ ಇದ್ದಾಳೆ. ಮೊಮ್ಮಗಳ ಮೊದಲ ಹೊರದೇಶದ ಟೂರು, ಟಿವಿಯಲ್ಲಿ ತೋರಿಸುತ್ತಾರೆಂದು ಅಕ್ಕ ಓಣಿಯ ಹೆಂಗಸರನ್ನೆಲ್ಲ ಕೂಡಿಸಿದ್ದಳು. ಚಾನೆಲ್ಲು ಸಿಗುವ ಹೊತ್ತಿಗೆ ಆಟ ಶುರುವಾಗಿಬಿಟ್ಟಿತ್ತು. ಗೋಲ್‌ಕೀಪರ್ ಅಂದರೆ ತಲೆಗೆ ಹೆಲ್ಮೆಟ್ಟು, ಮುಖಕ್ಕೆ ಜಾಳಿಗೆ. ಒಳಗೆ ಯಾರಿದ್ದರೂ ಒಂದೇ ಥರ ಕಾಣುತ್ತಾರೆ. ಗೋಲಿನ ಮುಂದೆ ನಿಂತಾಕೆಯೇ ನಮ್ಮ ಹುಡುಗಿ ಅಂದುಕೊಂಡರು.

ಅಕ್ಕ ಉಪ್ಪು, ಒಣಮೆಣಸಿನಕಾಯಿ ತಂದು ಟಿವಿಯ ಸುತ್ತ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಇಡೀ ಮನೆ ಕೆಮ್ಮಿತು. ಕಣ್ಣೊರೆಸಿಕೊಂಡು ನೋಡಿದರೆ ಗೋಲಾಗಿತ್ತು. ತಕ್ಷಣ ನನಗೆ ಫೋನು.

"ಹುಡುಗಿ ಎಷ್ಟು ಸೊರಗ್ಯಾಳ! ಕಾಲು ಎತ್ತಾಕ ಆಗವಲ್ದು ಆಕಿಗೆ. ಏನ್ ಉಣ್ಣಾಕ ಹಾಕ್ತೀರಿ ನೀವು?"

"ಅಕ್ಕಾ, ಆಕಿ ನಮ್ಮಾಕಿ ಅಲ್ಲ. ನಮ್ಮಾಕಿ ಬೆಂಚಿನ ಮ್ಯಾಲ ನೀರಿನ ಬಾಟ್ಲಿ ಹಿಡಕೊಂಡು ಕುಂತಾಳ."

ಅತ್ತ ಕಡೆಯಿಂದ ಬರೀ ಕೆಮ್ಮು.

"ಅಂಗಾದ್ರ ನಾ ತಗದ ದೃಷ್ಟಿ?"

"ಆಕಿಗೆ ಹೋತು."

"ಹೋಗ್ಲಿ ಬಿಡು" ಅಂದಳು ಅಕ್ಕ. "ಆಕಿಗೂ ಒಬ್ಬಾಕಿ ಅಜ್ಜಿ ಇರತಾಳ. ಯಾವಾಗರ ತಪ್ಪಿ ನಮ್ಮಾಕಿಗೆ ತಗದಿರತಾಳ."

ಏನಂತ ಬೇಡಿಕೊಳ್ಳೋದು?

ಮುಂದಿನ ಟೂರ್ನಿ ಹತ್ತಿರ ಬಂತು. ಸೊಸೆ ನಿಂಬೆಹಣ್ಣಿನ ಹಾರ ಕಟ್ಟಿಕೊಂಡು ದುರ್ಗಮ್ಮನ ಗುಡಿಗೆ ಹೋದಳು. ಹೋದವಳು ಹಾರದ ಸಮೇತ ವಾಪಸ್ಸು ಬಂದಳು.

"ಯಾಕವ್ವಾ?"

"ಅತ್ತಿ, ಬೇಡಿಕೊಳ್ಳಾಕ ಬಾಯಿ ಬರಲಿಲ್ಲ. ನಮ್ಮಾಕಿ ನಿಂದ್ರಬೇಕಂದ್ರ ಮೊದಲನೇ ಹುಡುಗಿಗೆ ಏನರ ಆಗಬೇಕು. ಮಂದಿ ಮಕ್ಕಳಿಗೆ ಕೆಟ್ಟದ್ದಾಗಲಿ ಅಂತ ತಾಯಿ ಮುಂದ ಹೆಂಗ ಹೇಳಲಿ?"

ಮಾತು ಖರೆ ಅನ್ನಿಸಿತು. ಕಟ್ಟೆಯ ಮೇಲೆ ಕೂತು ವಿಚಾರ ಮಾಡಿದೆವು. ಜ್ವರ ಬರಲಿ ಅನ್ನುವುದು ಪಾಪ. ನೆಗಡಿ ಬರಲಿ ಅಂದರೆ ಪಾಪ ಕಡಿಮೆ, ಆದರೆ ನೆಗಡಿಗೆಲ್ಲ ಅವರು ಆಟ ಬಿಡುವುದಿಲ್ಲ. ಮಗ, "ವೀಸಾ ತಡ ಆಗಲಿ ಅಂತ ಬೇಡ್ಕೋರಿ, ಯಾರಿಗೂ ನೋವಿಲ್ಲ" ಅಂದ. ದುರ್ಗಮ್ಮನಿಗೆ ವೀಸಾ ಅಂದರೇನೆಂದು ಬಿಡಿಸಿ ಹೇಳುವವರು ಯಾರು?

ಪಕ್ಕದ ಮನೆಯ ಹಿರೀ ಹೆಂಗಸು, ನಾವೆಲ್ಲ ಖಾಲಾ ಅನ್ನುವವಳು, ಬೆಳ್ಳುಳ್ಳಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡಿದ್ದಳು. "ಕೆಟ್ಟದ್ಯಾಕ ಬೇಡ್ತೀರಿ? ಒಳ್ಳೇದ ಬೇಡ್ರಿ" ಅಂದಳು. "ಆ ಹುಡುಗಿಗೆ ಚಲೋ ಗಂಡು ಸಿಗಲಿ. ಮದುವಿ ಅಂದ ಮ್ಯಾಲ ರಜಾ ಹಾಕಲೇಬೇಕಲ್ಲ!"

ಭೇಷ್ ಅನ್ನಿಸಿತು. ಸೊಸೆ ದುರ್ಗಮ್ಮನಿಗೆ ಹಾರ ಹಾಕಿ ಬಂದಳು. ಖಾಲಾ ನಮಾಜಿನಲ್ಲಿ ದುವಾ ಮಾಡಿದಳು. ಅಕ್ಕ ಕುರುಗೋಡಿನ ದೊಡ್ಡ ಬಸವಣ್ಣನಿಗೆ ಹೇಳಿದಳು. ಮುಖ ಕಾಣದ ಒಂದು ಹುಡುಗಿಯ ಮದುವೆಗೆ ನಾವು ಪಟ್ಟ ಪಾಡನ್ನು ಅವಳ ಸೋದರಮಾವನೂ ಪಟ್ಟಿರಲಿಕ್ಕಿಲ್ಲ.

ದೇವರು ಕೇಳಿಸಿಕೊಂಡ. ಮೊಮ್ಮಗಳ ಫೋನು ಬಂತು. "ಅಜ್ಜಿ, ಮೊದಲನೇ ಗೋಲ್‌ಕೀಪರ್ ಅಕ್ಕಂದು ಲಗ್ನ ಗೊತ್ತಾತಂತ!"

ನಾನು ಫೋನು ಕೆಳಗಿಳಿಸಿ ಎಲ್ಲರಿಗೂ ಕೈ ಮಾಡಿದೆ. "ರಜಾ ಎಂದಿನಿಂದವ್ವಾ?"

"ರಜಾ ಎಲ್ಲಿಂದು? ಹುಡುಗ ಹಾಕಿ ಕೋಚು. ಒಂದ್ ಮ್ಯಾಚೂ ಬಿಡಬ್ಯಾಡ, ಆಟ ಮುಗಿಸೇ ಮದುವಿ ಅಂದಾನಂತ."

ಆ ಒಂದು ಮ್ಯಾಚು

ನಾವು ಬೇಡುವುದು ಬಿಟ್ಟ ಮೇಲೆ ತಾನಾಗಿಯೇ ಬಂತು. ಒಂದು ಸಣ್ಣ ದೇಶದ ಮೇಲೆ ಆಟವಿತ್ತು. ಆ ದೇಶದ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹತ್ತುವುದಿಲ್ಲ. ಮೊದಲನೆಯಾಕೆಗೆ ವಿಶ್ರಾಂತಿ ಕೊಟ್ಟು ನಮ್ಮಾಕೆಯನ್ನು ನಿಲ್ಲಿಸುತ್ತೇವೆ ಅಂದರು. "ಅಜ್ಜಿ, ಇದೊಂದೇ ಛಾನ್ಸು. ಇದನ್ನ ನೋಡೇ ಮುಂದಿನ ಕ್ಯಾಂಪಿಗೆ ಕರಿಯೋದು ಬಿಡೋದು" ಅಂದಳು ಮೊಮ್ಮಗಳು.

ಟಿವಿಯನ್ನು ಅಂಗಳಕ್ಕೆ ತಂದೆವು. ಅಕ್ಕ ಕುರುಗೋಡಿನಿಂದ ಬಸ್ಸಿಗೆ ಬಂದಳು. ಪಾರ್ವತಿನಗರದಿಂದ ಒಬ್ಬ ರಿಟೈರಾದ ಮೇಷ್ಟ್ರು, ಹಾಕಿ ಹುಚ್ಚಿನವರು, ಹೇಳದಿದ್ದರೂ ಬಂದು ಮುಂದಿನ ಕುರ್ಚಿ ಹಿಡಿದರು. ರಾಷ್ಟ್ರಗೀತೆಯ ಹೊತ್ತಿಗೆ ಅವಳ ಮುಖ ಕಂಡಿತು. ಎಲ್ಲರೂ ಎದ್ದು ನಿಂತೇ ಕಣ್ಣೊರೆಸಿಕೊಂಡೆವು. ಆಮೇಲೆ ಹೆಲ್ಮೆಟ್ಟು ಹಾಕಿಕೊಂಡು ತನ್ನ ಜಾಗಕ್ಕೆ ಹೋದಳು. ಹೋದವಳು ಮತ್ತೆ ಕಾಣಲೇ ಇಲ್ಲ.

ಯಾಕಂದರೆ ನಮ್ಮವರು ಜೋರು, ಅವರು ಬಡಪಾಯಿಗಳು. ಚೆಂಡು ಪೂರ್ತಿ ಅವರ ಗೋಲಿನ ಹತ್ತಿರವೇ. ಚೆಂಡು ಇದ್ದ ಕಡೆಯೇ ಕ್ಯಾಮೆರಾ. ಇಂಡಿಯಾ ಗೋಲು ಹೊಡೆಯಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು, ನಾವು ತಟ್ಟಿದೆವು. ಇನ್ನೊಂದು ಹೊಡೆಯಿತು. ಮೇಷ್ಟ್ರೊಬ್ಬರೇ ತಟ್ಟಿದರು. ಮತ್ತೊಂದು ಹೊಡೆದಾಗ ಅಂಗಳದಲ್ಲಿ ಯಾರೋ "ಥೂ" ಅಂದರು.

"ಯಾಕ್ರೀ, ಎಲ್ಲಾರೂ ಮಾರಿ ಸಣ್ಣದು ಮಾಡೀರಿ? ಇಂಡಿಯಾ ಗೆಲ್ಲಾಕತ್ತೈತಿ!" ಅಂದರು ಮೇಷ್ಟ್ರು.

"ಗೆಲ್ಲೋದು ಇರಲ್ರಿ ಮೇಷ್ಟ್ರೇ, ಚೆಂಡು ಈ ಕಡಿ ಬರವಲ್ದಲ್ಲ!" ಅಂದಳು ಅಕ್ಕ. ಆಮೇಲೆ ಟಿವಿಯ ಕಡೆ ತಿರುಗಿ ನಮ್ಮ ಹುಡುಗಿಯರಿಗೆ ಬೈಯತೊಡಗಿದಳು. "ಏ ಹುಡುಗ್ಯಾರಾ, ಎಷ್ಟಂತ ನೀವೇ ಆಡ್ತೀರೇ? ಒಂದಾದ್ರೂ ಚೆಂಡು ಈ ಕಡಿ ಬಿಡ್ರೇ!"

ಅಷ್ಟರಲ್ಲಿ ಎದುರಿನ ದೇಶದ ಒಬ್ಬ ಹುಡುಗಿ ಹೇಗೋ ಚೆಂಡು ಕಸಿದುಕೊಂಡು ನಮ್ಮ ಗೋಲಿನ ಕಡೆ ಓಡಿದಳು. ಇಡೀ ಅಂಗಳ ಎದ್ದು ನಿಂತಿತು. "ಓಡು ತಾಯಿ, ಓಡು! ಬಾರೇ ಬಂಗಾರಿ!" ಖಾಲಾ ಸೀಟಿ ಹೊಡೆದಳು. ನಮ್ಮ ಡಿಫೆಂಡರ್ ಹುಡುಗಿಯೊಬ್ಬಳು ಅಡ್ಡ ಬಂದು ಚೆಂಡು ಕಿತ್ತುಕೊಂಡಳು. "ಹಾಳಾದಾಕಿ! ಆಕಿಗೇನ್ ಅವಸರ ಇತ್ತು?" ಅಂದಳು ನನ್ನ ಸೊಸೆ. ಯಾರಿಗೂ ಕೆಟ್ಟದ್ದು ಬೇಡಲಾರದೆ ಹಾರದ ಸಮೇತ ಮರಳಿ ಬಂದ ಸೊಸೆ ಇವಳೇ.

ಆಟ ಮುಗಿಯುತ್ತ ಬಂತು. ಮೊಮ್ಮಗಳು ಇಡೀ ಮ್ಯಾಚು ಸುಮ್ಮನೆ ನಿಂತಳು ಅಂತಾದರೆ ಕ್ಯಾಂಪಿಗೆ ಏನು ನೋಡಿ ಕರೆಯುತ್ತಾರೆ? ಆಗ ಅದೇ ಡಿಫೆಂಡರ್ ಹುಡುಗಿಯ ಕಾಲಿಗೆ, ನಮ್ಮ ಗೋಲಿನ ಹತ್ತಿರವೇ, ಚೆಂಡು ಬಡಿಯಿತು. ಕಾಲಿಗೆ ಬಡಿದರೆ ತಪ್ಪು. ಅಂಪೈರು ಸೀಟಿ ಊದಿದ. ಎದುರಿನವರಿಗೆ ಪೆನಾಲ್ಟಿ ಕಾರ್ನರ್! ಅಂದರೆ ಗುರಿ ಇಟ್ಟು ಗೋಲಿಗೆ ಹೊಡೆಯಲು ಅವರಿಗೆ ಸಿಕ್ಕ ದಾರಿ.

ಅಂಗಳದಲ್ಲಿ ಪಟಾಕಿ ಹಾರಿತು. ಅಕ್ಕ ತೆಂಗಿನಕಾಯಿ ಒಡೆದಳು. ಖಾಲಾ ಸಕ್ಕರೆ ಹಂಚತೊಡಗಿದಳು. ಮೇಷ್ಟ್ರು ಎದ್ದು ನಿಂತು ಕೂಗಿದರು: "ಅಯ್ಯೋ, ಇದನ್ನ ಇಂಡಿಯಾ ಮ್ಯಾಲ ಕೊಟ್ಟಾರ್ರೀ!"

"ಗೊತ್ತೈತ್ರಿ ಮೇಷ್ಟ್ರೇ" ಅಂದಳು ಖಾಲಾ. "ನೀವೂ ಸಕ್ರಿ ತಗೋರಿ."

ಅಕ್ಕ ಕಣ್ಣು ಮುಚ್ಚಿಕೊಂಡು, "ಬಸವಣ್ಣಾ, ಬರಲಿ ಅಂತ ಬೇಡಿದ್ದೆ, ಒಳಗ ಹೋಗಲಿ ಅಂತ ಬೇಡಿಲ್ಲಪ್ಪಾ" ಅನ್ನುತ್ತಿದ್ದಳು. ಹೊಡೆದರು. ಚೆಂಡು ಗೋಲಿನ ಮೇಲಿನ ಮೂಲೆಗೆ ಹೋಗುತ್ತಿತ್ತು. ನಮ್ಮಾಕೆ ಮೈಯನ್ನೇ ಎಸೆದು ಕೈಯಿಂದ ಆಚೆ ತಳ್ಳಿದಳು. ಟಿವಿಯವರು ಅದನ್ನು ತಿರುತಿರುಗಿ ತೋರಿಸಿದರು, ಮೆಲ್ಲಗೆ, ಆ ಕಡೆಯಿಂದ, ಈ ಕಡೆಯಿಂದ. ಮೇಷ್ಟ್ರು ಸಕ್ಕರೆ ಇನ್ನೊಮ್ಮೆ ಕೇಳಿ ಇಸಿದುಕೊಂಡರು.

ಕ್ಯಾಂಪಿಗೆ ಕರೆ ಬಂತು. ಅದನ್ನು ಹೇಳಲು ಮೊಮ್ಮಗಳು ಮನೆಗೆ ಬಂದಾಗ ಜೊತೆಗೆ ಒಬ್ಬ ಗೆಳತಿಯನ್ನು ಕರೆತಂದಳು. ಝಾರ್ಖಂಡ್ ಕಡೆಯ ಹುಡುಗಿ, ಮಾತು ಕಡಿಮೆ. ನೋಡಿದರೆ ಅವಳೇ, ಕಾಲಿಗೆ ಚೆಂಡು ಬಡಿಸಿಕೊಂಡ ಡಿಫೆಂಡರ್! ಆ ತಪ್ಪಿಗೆ ಕೋಚಿನ ಹತ್ತಿರ ಬೈಸಿಕೊಂಡು ಬಹಳ ಅತ್ತಿದ್ದಳಂತೆ.

ನಾನು ಅವಳನ್ನು ಮಣೆಯ ಮೇಲೆ ಕೂರಿಸಿದೆ. ಮನೆಮಗಳಿಗೆ ತುಂಬುವ ಹಾಗೆ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಅರಿಶಿಣದ ಕೊಂಬು ಹಾಕಿ ಉಡಿ ತುಂಬಿದೆ. ಮೇಲೆ ಒಂದು ಇಳಕಲ್ ಸೀರೆ ಇಟ್ಟೆ. ಓಣಿಯ ಹೆಂಗಸರೆಲ್ಲ ಸಾಲಾಗಿ ಬಂದು ಕುಂಕುಮ ಹಚ್ಚಿದರು. ಹುಡುಗಿ ಗಾಬರಿಯಾಗಿ ಇದೆಲ್ಲ ಯಾಕೆ ಅಂತ ಹಿಂದಿಯಲ್ಲಿ ಕೇಳಿದಳು. ಮೊಮ್ಮಗಳು ಅಂಗಳದ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು.

ಹುಡುಗಿ ಮಡಿಲಿನ ಸೀರೆ ನೋಡಿದಳು, ನನ್ನ ಮುಖ ನೋಡಿದಳು, ಗಾಬರಿ ಮರೆತು ಏನೋ ಅಂದಳು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

"ಏನಂತವ್ವಾ?"

"ಮುಂದಿನ ಟೂರಿನಾಗ ಎರಡು ಬಿಡ್ಲಾ ಅಂತ ಕೇಳ್ತಾಳ ಅಜ್ಜಿ."

ಸೊಸೆ ಹಿಂದಿನಿಂದ ನನ್ನ ಸೆರಗು ಎಳೆದಳು. "ಅತ್ತಿ, ಹೂಂ ಅನಬ್ಯಾಡ್ರಿ!"

ಅಂದೇಬಿಟ್ಟೆ. "ಬಿಡವ್ವಾ ತಾಯಿ. ಆದ್ರ ಸ್ವಲ್ಪ ಮೆತ್ತಗ ಬರೋವು ನೋಡಿ ಬಿಡು."